ಗೆರೆ ನಮ್ಮದು, ಲೈನ್ ಸರ್ಕಾರದ್ದು

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ಕಿವಿಗೊಟ್ಟರೆ ಸಾಕು, ಒಂದೇ ಒಂದು ಇಂಗ್ಲಿಷ್ ಪದ ಏಳೆಂಟು ವೇಷಗಳಲ್ಲಿ ಎದುರಾಗುತ್ತದೆ. ಮಾದಪ್ಪನ ಬೆಟ್ಟದ ಬಸ್ಸಿಗೆ ನುಗ್ಗುವ ಭಕ್ತರನ್ನು ಕಂಡಕ್ಟರು ‘ಲೈನಾಗಿ ಬನ್ನಿ’ ಎಂದು ಗದರುತ್ತಾನೆ. ಪಕ್ಕದ ಅಂಗಡಿಯಲ್ಲಿ ಜ್ಯೂಸ್ ಮಾಡುವ ಯಂತ್ರ ಗಕ್ಕನೆ ನಿಂತರೆ ‘ಲೈನ್ ಹೋಯ್ತು’ ಎಂಬ ಉದ್ಗಾರ. ಕಾಡಂಚಿನ ಊರಿಗೆ ಫೋನು ಮಾಡಲು ಹೆಣಗುವವರದು ‘ಲೈನೇ ಸಿಗ್ತಾ ಇಲ್ಲ’ ಎಂಬ ಗೊಣಗು. ಬಿಸ್ಕತ್ತಿನ ಪೆಟ್ಟಿಗೆಗಳನ್ನು ವ್ಯಾನಿಗೇರಿಸುವ ಮಾರಾಟದ ಹುಡುಗನಿಗೆ ‘ಇವತ್ತು ಹನೂರು ಲೈನ್, ನಾಳೆ ಯಳಂದೂರು ಲೈನ್’. ಹೆಣ್ಣಿನ ಕಡೆಯ ಹಿರಿಯರು ವಿಚಾರಿಸುವುದು ‘ಹುಡುಗ ಯಾವ ಲೈನಲ್ಲಿದಾನೆ?’ ಎಂದು. ಕಾಲೇಜು ಹುಡುಗರು ‘ಲೈನ್ ಹೊಡೆಯುವ’ ಸಂಗತಿಯನ್ನು ವಿವರಿಸುವ ಅಗತ್ಯವಿಲ್ಲ.

ಇಷ್ಟೆಲ್ಲ ಅರ್ಥಗಳಿದ್ದರೂ ಯಾರಿಗೂ ಗೊಂದಲವಿಲ್ಲ ಎಂಬುದೇ ಸೋಜಿಗ. ‘ಲೈನ್ ಹೋಯ್ತು’ ಎಂದಾಗ ಸರದಿ ಸಾಲು ಚದುರಿತೆಂದು ಯಾರೂ ತಿಳಿಯುವುದಿಲ್ಲ. ಪದಕ್ಕೆ ಕೊನೆಯಲ್ಲೊಂದು ಉಕಾರ ಹಚ್ಚಿ ಲೈನು ಮಾಡಿ, ಲೈನಿಗೆ, ಲೈನಲ್ಲಿ, ಲೈನಿಂದ ಎಂದು ವಿಭಕ್ತಿ ಪ್ರತ್ಯಯಗಳನ್ನೆಲ್ಲ ತೊಡಿಸಿ, ಕನ್ನಡ ಅದನ್ನು ಮನೆಯ ಮಗುವನ್ನಾಗಿ ಮಾಡಿಕೊಂಡಿದೆ. ಕಾರು, ಬಸ್ಸು, ಲೈಟುಗಳಿಗೆ ಆದದ್ದೇ ಇದಕ್ಕೂ ಆಯಿತು.

ಆದರೆ ಕಾರು ಬಸ್ಸುಗಳ ವಿಷಯ ಬೇರೆ. ಅವು ನಮ್ಮಲ್ಲಿರಲಿಲ್ಲ, ವಸ್ತುವಿನ ಜತೆಗೇ ಹೆಸರೂ ಬಂತು. ಲೈನಿಗೆ ಕನ್ನಡದಲ್ಲಿ ಪದವಿರಲಿಲ್ಲವೇ? ಗೆರೆ, ಗೀಟು, ಎಳೆ, ಸಾಲು, ಎಲ್ಲೆ, ತಂತಿ, ದಾರ, ಪಂಕ್ತಿ, ರೇಖೆ ಎಂದು ಹೆಚ್ಚೇ ಇದ್ದವು. ಹೀಗಿದ್ದೂ ಈ ಪರದೇಶಿ ಪದಕ್ಕೆ ನಮ್ಮ ಬಾಯಲ್ಲಿ ಇಷ್ಟು ಜಾಗ ಸಿಕ್ಕಿದ್ದು ಹೇಗೆ? ಇದಕ್ಕೆ ಉತ್ತರ ನಿಘಂಟಿಗಿಂತ ಹೆಚ್ಚಾಗಿ ಕೊಳ್ಳೇಗಾಲ, ಹನೂರು, ಯಳಂದೂರುಗಳ ಇನ್ನೂರು ವರ್ಷಗಳ ಚರಿತ್ರೆಯಲ್ಲಿದೆ.

ಮೊದಲು ಪದದ ಹುಟ್ಟು. ಇಂಗ್ಲಿಷಿನ ‘ಲೈನ್’ ಬಂದದ್ದು ಲ್ಯಾಟಿನ್ ಭಾಷೆಯ ‘ಲೀನಿಯ’ದಿಂದ. ಅದು ಹುಟ್ಟಿದ್ದು ‘ಲೀನಮ್’ ಎಂಬ ಪದದಿಂದ. ಲೀನಮ್ ಎಂದರೆ ಅಗಸೆ ಗಿಡ. ನಾವು ಚಟ್ನಿಪುಡಿಗೆ ಬಳಸುವ ಅಗಸೆ ಬೀಜದ್ದೇ ಗಿಡ. ಅದರ ಕಾಂಡದ ನಾರಿನಿಂದ ತೆಗೆದ ನೂಲಿಗೆ ಲೀನಿಯ ಎಂದು ಹೆಸರು. ಕಲ್ಲುಕುಟಿಗರೂ ಬಡಗಿಗಳೂ ಆ ನೂಲನ್ನು ಬಿಗಿಯಾಗಿ ಎಳೆದು ಹಿಡಿದು ನೇರ ನೋಡುತ್ತಿದ್ದುದರಿಂದ ನೂಲಿನ ಹೆಸರೇ ನೇರಗೆರೆಗೂ ಅಂಟಿಕೊಂಡಿತು. ಲಿನಿನ್ ಬಟ್ಟೆಯೂ ಇದೇ ಬಳ್ಳಿಯ ಕುಡಿ. ಅಂಗಿಯ ಒಳಭಾಗಕ್ಕೆ ಲಿನಿನ್ ಬಟ್ಟೆ ಕೊಟ್ಟು ಹೊಲಿಯುತ್ತಿದ್ದುದರಿಂದ ‘ಲೈನಿಂಗ್’ ಹುಟ್ಟಿತು. ರವಿಕೆಗೆ ಲೈನಿಂಗ್ ಕೊಡಬೇಕೇ ಬೇಡವೇ ಎಂದು ಟೈಲರು ಕೇಳಿದಾಗ ಆತ ಅರಿಯದೆಯೇ ಎರಡು ಸಾವಿರ ವರ್ಷಗಳ ಹಿಂದಿನ ಅಗಸೆ ನಾರನ್ನು ನೆನೆಯುತ್ತಿರುತ್ತಾನೆ.

ರೇಷ್ಮೆಗೆ ಹೆಸರಾದ ಕೊಳ್ಳೇಗಾಲಕ್ಕೆ ಈ ಹುಟ್ಟಿನ ಕತೆ ಬೇಗ ಅರ್ಥವಾಗುತ್ತದೆ. ಇಲ್ಲಿ ಗೂಡಿನಿಂದ ನೂಲು ಬಿಚ್ಚುವವರಿಗೂ ಮಗ್ಗದ ಮುಂದೆ ಕೂರುವವರಿಗೂ ಲೋಕವೆಂದರೆ ಎಳೆ. ಮಾತನ್ನು ‘ಎಳೆ ಎಳೆಯಾಗಿ ಬಿಡಿಸಿ’ ಹೇಳುವುದು, ಒಂದು ವಿಷಯ ಬದುಕಿನಲ್ಲಿ ‘ಹಾಸುಹೊಕ್ಕಾಗಿ’ ಇರುವುದು, ಇವೆಲ್ಲ ನೇಕಾರರ ಮನೆಯಿಂದ ಎದ್ದು ಬಂದ ಮಾತುಗಳು. ಒಕ್ಕಲುಮಕ್ಕಳಿಗೆ ನೇಗಿಲು ಎಳೆದ ಸಾಲು. ಹೆಂಗಸರಿಗೆ ಹೊಸ್ತಿಲ ಮುಂದಿನ ಎಳೆ ರಂಗೋಲಿ. ಹಿರಿಯರ ಮಾತನ್ನು ಮೀರದವನು ಹಾಕಿದ ಗೆರೆ ದಾಟದವನು. ಈ ಮಾತುಗಳನ್ನು ಲೈನು ಇಂದಿಗೂ ಅಲುಗಿಸಿಲ್ಲ. ನೇಗಿಲ ಸಾಲಿಗೆ ಯಾರೂ ಲೈನ್ ಎನ್ನುವುದಿಲ್ಲ, ರಂಗೋಲಿಯ ಎಳೆಗೂ ಇಲ್ಲ. ಇದನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ತಮ್ಮ ಕೈಯಿಂದ ಎಳೆದದ್ದನ್ನು ಜನ ಗೆರೆ, ಸಾಲು, ಎಳೆ ಎಂದೇ ಉಳಿಸಿಕೊಂಡರು. ಹೊರಗಿನಿಂದ ಬಂದು ಅಧಿಕಾರದವರು ಎಳೆದದ್ದು ಬಹುಪಾಲು ಲೈನಾಯಿತು.

ಅಂಥ ಮೊದಲ ಗೆರೆ ಬಿದ್ದದ್ದು 1799ರಲ್ಲಿ. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಗೆದ್ದವರು ರಾಜ್ಯವನ್ನು ಹಂಚಿಕೊಂಡರು. ಮೈಸೂರು ಸೀಮೆ ಒಡೆಯರಿಗೆ ಮರಳಿತು, ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಕೊಯಮತ್ತೂರಿನ ಜತೆಗೆ ಕೊಳ್ಳೇಗಾಲವೂ ಹೋಯಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಎರಡು ಊರುಗಳ ನಡುವೆ ಇಪ್ಪತ್ತು ಕಿಲೋಮೀಟರು ಅಂತರವೂ ಇಲ್ಲ. ಅದೇ ಹೊಲ, ಅದೇ ರಾಗಿ, ಅದೇ ಮಾದಪ್ಪ, ಅದೇ ಕನ್ನಡ. ಆದರೆ ಒಂದೂರಿನ ಕಡತ ಮೈಸೂರಿಗೆ, ಇನ್ನೊಂದೂರಿನ ಕಡತ ಕೊಯಮತ್ತೂರಿಗೆ, ಅಲ್ಲಿಂದ ಮುಂದೆ ಮದರಾಸಿಗೆ. ನಂಟಸ್ತನ ಬೆಳೆಸಿದರೆ ಗಂಡಿನ ಮನೆ ಒಂದು ಸರ್ಕಾರದ್ದು, ಹೆಣ್ಣಿನ ಮನೆ ಇನ್ನೊಂದು ಸರ್ಕಾರದ್ದು.

ಈ ಗೆರೆ 157 ವರ್ಷ ಬಾಳಿತು. 1952ರ ಮೊದಲ ಮಹಾಚುನಾವಣೆಯ ನಂತರವೂ ಕೊಳ್ಳೇಗಾಲದ ಪ್ರತಿನಿಧಿಗಳು ಹೋಗಿ ಕುಳಿತದ್ದು ಮದರಾಸಿನ ವಿಧಾನಸಭೆಯಲ್ಲಿ. 1955ರಲ್ಲಿ ವರದಿ ಒಪ್ಪಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗ ಕೊಳ್ಳೇಗಾಲ ತಾಲ್ಲೂಕನ್ನು ಕನ್ನಡ ರಾಜ್ಯಕ್ಕೆ ಸೇರಿಸಬೇಕೆಂದಿತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂದು ಮೈಸೂರು ಜಿಲ್ಲೆಗೆ ಸೇರಿತು. ಮುಂದೆ 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಕೊಳ್ಳೇಗಾಲ, ಯಳಂದೂರು ಎರಡೂ ಅದರ ಪಾಲಾದವು. ಅಲ್ಲಿಂದ ಇಪ್ಪತ್ತು ವರ್ಷಗಳ ನಂತರ ಕೊಳ್ಳೇಗಾಲ ತಾಲ್ಲೂಕನ್ನು ಒಡೆದು ಹನೂರು ತಾಲ್ಲೂಕು ರಚಿಸಲಾಯಿತು.

ಒಂದು ಗೆರೆ ಅಳಿಸಿದರೆ ಇನ್ನೊಂದು ಕಡೆ ಗೆರೆ ಮೂಡಲೇಬೇಕಷ್ಟೆ. 1956ರಲ್ಲಿ ಕೊಳ್ಳೇಗಾಲ ಈಚೆ ಬಂದಾಗ ಕನ್ನಡಿಗರೇ ಹೆಚ್ಚಾಗಿರುವ ತಾಳವಾಡಿ ಸೀಮೆ ಆಚೆಯೇ ಉಳಿಯಿತು. ನಟ ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಅಲ್ಲಿಯೇ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದಾಗ, ಕರ್ನಾಟಕದ ಮನೆಮಾತಾದ ನಟ ಇದ್ದ ಮನೆ ತಮಿಳುನಾಡಿನಲ್ಲಿದೆ ಎಂದು ತಿಳಿದು ಬೆರಗಾದವರು ಎಷ್ಟೋ ಮಂದಿ. ಇಂದು ಹನೂರು ತಾಲ್ಲೂಕಿನಲ್ಲಿರುವ ಗೋಪಿನಾಥಂನ ವೀರಪ್ಪನ್‌ಗೆ ಎರಡು ರಾಜ್ಯಗಳ ನಡುವಿನ ಈ ಗೆರೆ ಬಹಳ ಉಪಕಾರಿಯಾಗಿತ್ತು. ಪೊಲೀಸರಿಗೆ ಅದು ಗಡಿ, ಅವನಿಗೆ ಕಾಡಿನ ನಡುವಿನ ಒಂದು ಹಳ್ಳ. 2004ರಲ್ಲಿ ಸಾಯುವವರೆಗೂ ಅವನು ಆಚೀಚೆ ದಾಟುತ್ತಲೇ ಇದ್ದ.

ಲೈನ್ ಎಂಬ ಪದ ಜನರ ಬಾಯಿಗೆ ನಿಜಕ್ಕೂ ಬಿದ್ದದ್ದು ನಕ್ಷೆಯ ಗೆರೆಯಿಂದಲ್ಲ, ವಿದ್ಯುತ್ತಿನಿಂದ. ಇದರಲ್ಲೂ ಕೊಳ್ಳೇಗಾಲದ ಪಾತ್ರ ವಿಚಿತ್ರವಾದದ್ದು.

ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಸೀಳಿ, ಪಶ್ಚಿಮದ ಕವಲು ಗಗನಚುಕ್ಕಿಯಾಗಿ, ಪೂರ್ವದ ಕವಲು ಭರಚುಕ್ಕಿಯಾಗಿ ಧುಮುಕುತ್ತದೆ. ಭರಚುಕ್ಕಿಯ ಕಡೆ ಕೊಳ್ಳೇಗಾಲ ತಾಲ್ಲೂಕು. ನಡುವಿನ ದ್ವೀಪವೂ ಬ್ರಿಟಿಷರ ಕಾಲದಲ್ಲಿ ಕೊಯಮತ್ತೂರು ಜಿಲ್ಲೆಯ ಲೆಕ್ಕದಲ್ಲೇ ಇತ್ತು. ಗಗನಚುಕ್ಕಿಯ ಆಚೆ ದಡ ಮಾತ್ರ ಮೈಸೂರಿನದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ರೂಪಿಸಿದ ವಿದ್ಯುದಾಗಾರ ಮೈಸೂರಿನ ಆ ದಡದ ತಪ್ಪಲಲ್ಲಿ ಎದ್ದು ನಿಂತಿತು. 1902ರ ಜೂನ್ 30ರಂದು ಅಲ್ಲಿಂದ ವಿದ್ಯುತ್ ಹರಿಯಿತು. ಹರಿದದ್ದು ಎಲ್ಲಿಗೆ? ಹೊಳೆಯಾಚೆಯ ಕೊಳ್ಳೇಗಾಲಕ್ಕಲ್ಲ, ಹತ್ತಿರದ ಮಳವಳ್ಳಿಗೂ ಅಲ್ಲ. 147 ಕಿಲೋಮೀಟರು ದೂರದ ಕೋಲಾರ ಚಿನ್ನದ ಗಣಿಗಳಿಗೆ. ಆಗಿನ ಲೋಕದಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ರಾಜಧಾನಿ ಮೈಸೂರಿಗೆ 1908ರಲ್ಲಿ. ಹಳ್ಳಿಗಳವರು ಎತ್ತಿನ ಗಾಡಿಯಲ್ಲಿ ಹೋಗುವಾಗ ತಲೆಯ ಮೇಲೆ ಹಾದು ಹೋದ ತಂತಿಗಳನ್ನು ನೋಡಿದರು. ಅದರಲ್ಲಿ ಹರಿಯುವುದು ತಮ್ಮ ಹೊಳೆಯ ಬಲ, ಆದರೆ ಮನೆಯಲ್ಲಿ ಉರಿಯುವುದು ಎಣ್ಣೆ ಬುಡ್ಡಿ.

ತಂತಿ ಎಂಬ ಒಳ್ಳೆಯ ಪದ ಇರುವಾಗ ಇದಕ್ಕೆ ಲೈನ್ ಎಂದದ್ದೇಕೆ? ಬಹುಶಃ ತಂತಿಯನ್ನು ಆಗಲೇ ಅಂಚೆ ಇಲಾಖೆ ಹಿಡಿದಿಟ್ಟುಕೊಂಡಿತ್ತು. ಟೆಲಿಗ್ರಾಫ್ ಬಂದಾಗ ಕನ್ನಡ ಅದಕ್ಕೆ ತಂತಿ ಎಂದು ಸೊಗಸಾಗಿ ಹೆಸರಿಟ್ಟಿತು. ತಂತಿ ಬಂತೆಂದರೆ ಮನೆಯವರ ಎದೆ ನಡುಗುತ್ತಿತ್ತು, ಸಾವಿನ ಸುದ್ದಿಯೇ ಇರಬೇಕೆಂದು. 2013ರ ಜುಲೈನಲ್ಲಿ ದೇಶದಲ್ಲಿ ತಂತಿ ಸೇವೆ ನಿಂತು ಆ ಅರ್ಥವೂ ನಂದಿತು. ಅಷ್ಟರಲ್ಲಿ ವಿದ್ಯುತ್ತಿನ ತಂತಿ ಲೈನಾಗಿ, ಅದನ್ನು ನೋಡಿಕೊಳ್ಳುವವನು ಲೈನ್‌ಮನ್ ಆಗಿ ನೂರು ವರ್ಷ ಕಳೆದಿತ್ತು. ಇಲಾಖೆಯವರು ಈಚೆಗೆ ಆ ಹುದ್ದೆಗೆ ಪವರ್‌ಮನ್ ಎಂದು ಹೆಸರು ಬದಲಿಸಿದ್ದಾರೆ. ಊರಿನವರಿಗೆ ಆತ ಇನ್ನೂ ಲೈನ್‌ಮನ್ನೇ. ಗಾಳಿಮಳೆಗೆ ಕಂಬ ಉರುಳಿದ ರಾತ್ರಿ ‘ಲೈನ್ ಬಂತಾ ಅಣ್ಣೋ?’ ಎಂದು ಜಗಲಿಯಿಂದ ಜಗಲಿಗೆ ಕೂಗುವಾಗ ಇಲಾಖೆಯ ಹೊಸ ಹೆಸರು ಯಾರ ನೆನಪಿಗೂ ಬರುವುದಿಲ್ಲ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಅನೇಕ ಸೋಲಿಗರ ಪೋಡುಗಳಿಗೆ ಮಾತ್ರ ಶಿವನಸಮುದ್ರದ ಶತಮಾನೋತ್ಸವ ಮುಗಿದ ಮೇಲೂ ಲೈನ್ ಬರಲಿಲ್ಲ.

ಆ ತಂತಿಗಳು ಹೋಗಿ ಮುಟ್ಟಿದ ಕೋಲಾರದ ಗಣಿಯಲ್ಲೂ ಇನ್ನೊಂದು ಲೈನ್ ಕಾದಿತ್ತು. ಗಣಿಯೊಳಗೆ ಇಳಿಯುವ ಕೂಲಿಗಳಿಗೆ ಕಂಪನಿ ಕಟ್ಟಿಸಿದ ಒಂದೇ ಅಳತೆಯ, ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳಿಗೆ ಲೈನ್ ಎಂದೇ ಹೆಸರು. ಈ ಅರ್ಥದ ತವರು ಬ್ರಿಟಿಷ್ ಸೈನ್ಯ. ಸಿಪಾಯಿಗಳ ಗುಡಿಸಲುಗಳನ್ನು ಕವಾಯತಿನ ಶಿಸ್ತಿನಲ್ಲೇ ಸಾಲಾಗಿ ಕಟ್ಟಿ ‘ಲೈನ್ಸ್’ ಎಂದರು. ಪೊಲೀಸ್ ಲೈನ್ ಆದದ್ದೂ ಹಾಗೆಯೇ. ಸೈನ್ಯದಿಂದ ಅದು ಕಾಫಿ ತೋಟಗಳಿಗೆ ಜಾರಿತು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಯಳಂದೂರಿನ ನೆತ್ತಿಯ ಮೇಲಿರುವ ಬಿಳಿಗಿರಿರಂಗನ ಬೆಟ್ಟದಲ್ಲಿ ಐರೋಪ್ಯರು ಕಾಫಿ ತೋಟ ತೆರೆದರು. ಅವರಲ್ಲಿ ಹೊನ್ನಮೇಟಿ ಕಡೆಯ ಮಾರಿಸ್ ಕುಟುಂಬದ ಹೆಸರನ್ನು ಶಿಕಾರಿಯ ಪುಸ್ತಕ ಓದಿದವರು ಬಲ್ಲರು. ತೋಟದ ಕೆಲಸಗಾರರ ‘ಲೈನ್ ಮನೆ’ ಎಂಬ ಮಾತು ಕೊಡಗು, ಚಿಕ್ಕಮಗಳೂರುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಸಾಲುಮನೆಗೂ ಲೈನ್ ಮನೆಗೂ ಅರ್ಥ ಒಂದೇ ಆದರೂ ಧ್ವನಿ ಬೇರೆ. ವಠಾರದ ಸಾಲುಮನೆಯಲ್ಲಿ ಇರುವವನು ಬಾಡಿಗೆದಾರ, ಬೇಕಾದರೆ ಬಿಟ್ಟು ಹೋಗಬಲ್ಲ. ಲೈನ್ ಮನೆಯಲ್ಲಿ ಇರುವವನಿಗೆ ಕೆಲಸ ಹೋದರೆ ಮನೆಯೂ ಹೋಯಿತು.

ಕಾಡಿನೊಳಗೆ ಬಂದದ್ದು ಫೈರ್‌ಲೈನ್. ಬೇಸಿಗೆಗೆ ಮುನ್ನ ಅರಣ್ಯ ಇಲಾಖೆಯವರು ಕಾಡಿನ ನಡುವೆ ಉದ್ದಕ್ಕೂ ಹುಲ್ಲು, ಪೊದೆ, ತರಗು ತೆಗೆದು ಪಟ್ಟಿಯಂತೆ ಬರಿದು ಮಾಡುತ್ತಾರೆ. ಒಂದು ಕಡೆ ಹತ್ತಿದ ಬೆಂಕಿ ಆ ಪಟ್ಟಿಗೆ ಬಂದು ನಿಲ್ಲಬೇಕೆಂಬುದು ಲೆಕ್ಕ. ಬೇಸಿಗೆ ಬಂತೆಂದರೆ ಪೋಡುಗಳ ಸೋಲಿಗರಲ್ಲಿ ಅನೇಕರಿಗೆ ದಿನಗೂಲಿ ಸಿಗುವುದೂ ಈ ಲೈನ್ ಕಡಿಯುವ ಕೆಲಸದಿಂದ. ಆದರೆ ಸೋಲಿಗರಿಗೆ ಬೆಂಕಿಯನ್ನು ಪಳಗಿಸುವ ಬೇರೆಯದೇ ವಿದ್ಯೆ ಇತ್ತು. ಬೇಸಿಗೆ ಕಾವೇರುವ ಮುನ್ನವೇ, ನೆಲದ ಹಸಿ ಪೂರ್ತಿ ಆರಿರದಾಗ, ಬಿದ್ದ ಎಲೆಗೆ ಅವರು ಸಣ್ಣಗೆ ಬೆಂಕಿ ಇಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ಅದು ನೆಲದ ಮೇಲೆ ಹರಿದು ಕಸ ಸುಟ್ಟು ತಣ್ಣಗಾಗುತ್ತಿತ್ತು, ಮರಗಳನ್ನು ಮುಟ್ಟುತ್ತಿರಲಿಲ್ಲ. 1974ರಲ್ಲಿ ಬಿಳಿಗಿರಿ ಕಾಡು ವನ್ಯಧಾಮವಾಯಿತು, ತರಗು ಬೆಂಕಿ ಅಪರಾಧವಾಯಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಪೊದೆ ಕಾಡನ್ನೆಲ್ಲ ಮುಚ್ಚಿತು, ಈಗ ಹತ್ತುವ ಬೆಂಕಿ ಆ ಒಣ ಪೊದೆಯನ್ನೇರಿ ಮರದ ನೆತ್ತಿ ಮುಟ್ಟುತ್ತದೆ ಎಂಬುದು ಸೋಲಿಗ ಹಿರಿಯರ ವಾದ. ಈ ವಾದವನ್ನು ಗಂಭೀರವಾಗಿ ಪರಿಶೀಲಿಸಿದ ಸಂಶೋಧಕರೂ ಇದ್ದಾರೆ. ಲಂಟಾನ ಹಬ್ಬಲು ಬೇರೆ ಕಾರಣಗಳೂ ಇರಬಹುದು. ಆದರೂ ಕಾಡನ್ನು ತಲೆಮಾರುಗಳಿಂದ ಬಲ್ಲವರ ಮಾತನ್ನು ಇಷ್ಟು ವರ್ಷ ಯಾರೂ ಕೇಳಿಸಿಕೊಳ್ಳಲಿಲ್ಲ ಎಂಬುದು ಒಪ್ಪಲೇಬೇಕಾದ ಸಂಗತಿ.

ಸೋಲಿಗರ ಕಾಡಿನಲ್ಲಿ ಗೆರೆಗಳೇ ಇರಲಿಲ್ಲವೆಂದಲ್ಲ. ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ‘ಯೆಲ್ಲೆ’ ಇದೆ. ಪ್ರತಿ ಯೆಲ್ಲೆಯಲ್ಲಿ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು. ನಮ್ಮ ‘ಎಲ್ಲೆ’ಯೇ ಅದು. ಇಲಾಖೆಯ ನಕ್ಷೆಯಲ್ಲಿ ಅದರ ಸುಳಿವೂ ಇರಲಿಲ್ಲ. ಸೋಲಿಗರೂ ಸಂಶೋಧಕರೂ ಕೂಡಿ ಈ ತಾಣಗಳನ್ನು ಒಂದೊಂದಾಗಿ ನಕ್ಷೆಗೆ ಇಳಿಸಿದರು. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬಿಳಿಗಿರಿಯ ಪೋಡುಗಳಿಗೆ ಸಾಮುದಾಯಿಕ ಹಕ್ಕು ದೊರೆತದ್ದು 2011ರಲ್ಲಿ. ಕಾಡು ಹುಲಿ ಮೀಸಲು ಪ್ರದೇಶವೆಂದು ಘೋಷಣೆಯಾದದ್ದೂ ಅದೇ ಹೊತ್ತಿಗೆ. ಹೀಗೆ ಒಂದೇ ಕಾಡಿನ ಮೇಲೆ ಈಗ ಎರಡು ನಕ್ಷೆಗಳಿವೆ.

ಸರ್ಕಾರದ ಮಾತೇ ಆಯಿತು. ಜನ ತಾವೇ ತಮಾಷೆಗೆ ಬೆಳೆಸಿಕೊಂಡ ಅರ್ಥಗಳಿಲ್ಲವೇ? ಧಾರಾಳವಾಗಿವೆ. ‘ಲೈನ್ ಹೊಡೆಯುವುದು’ ಇಂಗ್ಲಿಷರಿಗೆ ಗೊತ್ತೇ ಇಲ್ಲದ ಪ್ರಯೋಗ. ಹುಡುಗಿಯ ಗಮನ ಸೆಳೆಯಲು ಅವಳು ಹೋಗುವ ದಾರಿಯಲ್ಲೇ ಸುಳಿದಾಡುವುದಕ್ಕೆ ನಮ್ಮವರು ಕಟ್ಟಿದ ಮಾತು ಅದು. ಹಟ ಹಿಡಿದವನು ಕೊನೆಗೆ ಒಪ್ಪಿದರೆ ‘ಲೈನಿಗೆ ಬಂದ’. ಸೋಜಿಗವೆಂದರೆ ಮೊಬೈಲಿಗೆ ತಂತಿಯೇ ಇಲ್ಲ, ಆದರೂ ‘ಲೈನಲ್ಲಿರಿ’ ಎನ್ನುವುದು ತಪ್ಪಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದವರ ಮಾತು ಮೊಮ್ಮಕ್ಕಳ ಬಾಯಲ್ಲಿ ಉಳಿದಿದೆ.

ಇಷ್ಟಾದರೂ ಮನೆಮನೆಯ ಅನ್ನಕ್ಕೆ ಸಂಬಂಧಿಸಿದ ಲೈನು ಯಾರ ಕಣ್ಣಿಗೂ ಬೀಳದಂತೆ ಅಡಗಿ ಕುಳಿತಿದೆ. ಬಿಪಿಎಲ್ ಕಾರ್ಡಿನ ಕೊನೆಯ ಅಕ್ಷರ ಅದು. ಬಡತನಕ್ಕೊಂದು ರೇಖೆ ಎಳೆಯುವ ಕೆಲಸ ದೆಹಲಿಯಲ್ಲಿ ನಡೆದದ್ದು 1962ರಲ್ಲಿ. ಯೋಜನಾ ಆಯೋಗದ ತಜ್ಞರ ತಂಡವೊಂದು ಒಬ್ಬ ಮನುಷ್ಯನಿಗೆ ತಿಂಗಳಿಗೆ ಕನಿಷ್ಠ 20 ರೂಪಾಯಿ ಬೇಕೆಂದು ಅಂದಿನ ಬೆಲೆಗಳಲ್ಲಿ ಲೆಕ್ಕ ಹಾಕಿತು. ಪಡಿತರದಲ್ಲಿ ರೇಖೆಯ ಕೆಳಗಿನವರು, ಮೇಲಿನವರು ಎಂದು ಬೇರೆ ಮಾಡಿದ್ದು 1997ರಲ್ಲಿ. ಬಡತನದ ರೇಖೆ ಎಂದು ಪತ್ರಿಕೆಗಳು ಬರೆದವು. ಜನ ಮಾತ್ರ ಬಿಪಿಎಲ್ ಎಂದರು. ಆ ರೇಖೆಯ ಕೆಳಗೆ ಉಳಿಯಲು ನ್ಯಾಯಬೆಲೆ ಅಂಗಡಿಯ ಮುಂದೆ ಲೈನ್ ನಿಲ್ಲಬೇಕು. ಬೆರಳಚ್ಚು ಕೊಡಲು ಯಂತ್ರ ಆನ್‌ಲೈನ್ ಆಗಬೇಕು. ಹೆಸರು ಸೇರಿಸಲು ಡೆಡ್‌ಲೈನ್ ಮೀರಿರಬಾರದು. ಈ ಡೆಡ್‌ಲೈನಿಗಂತೂ ಭಯಂಕರವಾದ ಹುಟ್ಟಿದೆ. 1864ರಲ್ಲಿ ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಆಂಡರ್‌ಸನ್‌ವಿಲ್ ಎಂಬ ಸೆರೆಶಿಬಿರದ ಬೇಲಿಯೊಳಗೆ ಒಂದು ಗೆರೆ ಇತ್ತು. ಅದನ್ನು ದಾಟಿದ ಕೈದಿಯನ್ನು ಕಾವಲುಗಾರ ಕೇಳದೆಯೇ ಗುಂಡಿಕ್ಕಬಹುದಿತ್ತು. ಸಾವಿನ ಆ ಗೆರೆ ಮುಂದೆ ಪತ್ರಿಕಾ ಕಚೇರಿಗಳ ಕೊನೆಯ ಗಡುವಾಯಿತು, ಅಲ್ಲಿಂದ ನಾಡಕಚೇರಿಗೂ ಬಂತು.

ಬಾರದೇ ಉಳಿದದ್ದು ಒಂದೇ ಲೈನು, ರೈಲಿನದು. ಚಾಮರಾಜನಗರಕ್ಕೆ ರೈಲು 1920ರ ದಶಕದಲ್ಲೇ ಬಂತು. ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಬೆಂಗಳೂರು ಬಳಿಯ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮಾರ್ಗವಾಗಿ ಚಾಮರಾಜನಗರಕ್ಕೆ 142 ಕಿಲೋಮೀಟರು ಹಳಿ ಹಾಕುವ ಯೋಜನೆಗೆ ತೊಂಬತ್ತರ ದಶಕದಲ್ಲಿ ಮಂಜೂರಾತಿ ಸಿಕ್ಕಿತು. ಚುನಾವಣೆಗಳಲ್ಲಿ ಅದು ಭರವಸೆಯಾಗಿ ಬಂದು ಹೋಗುತ್ತಿರುತ್ತದೆ. ರೈಲಿನವರ ಭಾಷೆಯಲ್ಲಿ ‘ಲೈನ್ ಕ್ಲಿಯರ್’ ಎಂದರೆ ಮುಂದಿನ ನಿಲ್ದಾಣದವರು ಕೊಡುವ ಅನುಮತಿ. ಅದಿಲ್ಲದೆ ಸ್ಟೇಷನ್ ಮಾಸ್ಟರು ಗಾಡಿಯನ್ನು ಬಿಡುವಂತಿಲ್ಲ. ಒಂದೂ ನಿಲ್ದಾಣವಿಲ್ಲದ ಕೊಳ್ಳೇಗಾಲದಲ್ಲಿ ಈ ಮಾತಿಗೆ ಕೊರತೆಯಿಲ್ಲ. ಯಾರಿಗಾದರೂ ಪಕ್ಷದ ಟಿಕೆಟ್ ಖಚಿತವಾದರೆ ಲೈನ್ ಕ್ಲಿಯರ್, ಜಮೀನಿನ ವ್ಯಾಜ್ಯ ಮುಗಿದರೆ ಲೈನ್ ಕ್ಲಿಯರ್, ಬೀಗರು ಒಪ್ಪಿದರೂ ಲೈನ್ ಕ್ಲಿಯರ್. ಜಿಲ್ಲೆಯ ಇನ್ನೊಂದು ತುದಿಯ ಬಂಡೀಪುರದ ಕಾಡಂಚಿನಲ್ಲಂತೂ ರೈಲಿನ ಹಳೆಯ ಕಂಬಿಗಳು ಬಂದು ಸಾಲಾಗಿ ನಿಂತಿವೆ, ಹೊಲಕ್ಕೆ ನುಗ್ಗುವ ಆನೆಗಳಿಗೆ ಅಡ್ಡವಾಗಿ.